ಬಾಣಂತಿಯ ಥೈರಾಕ್ಸಿನ್

ಮೈಯೊಳಗಿನ ಸುದ್ದಿಯೆಲ್ಲ ಮಣಿಕಟ್ಟಿನ ಮೇಲೆ ಮೂಡತೊಡಗಿದ ಮೇಲೆ ಗದಗಿನಲ್ಲಿ ಗಂಡಹೆಂಡಿರ ಜಗಳಕ್ಕೂ ಒಂದು ಶಿಸ್ತು ಬಂದಿತ್ತು. ಬೆರಳಗಲದ ಒಂದು ಪಟ್ಟಿ. ಸರಕಾರ ಅದನ್ನು ಒಳಗನ್ನಡಿ ಎಂದು ಕರೆಯಿತು, ಜನ ಬರೀ ಪಟ್ಟಿ ಎಂದರು. ಚರ್ಮದಡಿಯ ನೀರನ್ನು ತುಸುತುಸುವೇ ಹೀರಿ, ಅದರಲ್ಲಿರುವ ಹಾರ್ಮೋನುಗಳನ್ನು ಅಳೆದು, ಸರಿಯಿದ್ದರೆ ಹಸಿರು ತಪ್ಪಿದ್ದರೆ ಕೆಂಪು ತೋರಿಸುತ್ತಿತ್ತು. ಗಂಡ ದನಿ ಏರಿಸಿದರೆ ಹೆಂಡತಿ ಅವನ ಕೈ ಹಿಡಿದು ನೋಡಿ, "ಕಾರ್ಟಿಸಾಲ್ ಏರೈತಿ, ಉಂಡು ಬಾ, ಆಮ್ಯಾಲೆ ಜಗಳ ಮಾಡೋಣು" ಎನ್ನುತ್ತಿದ್ದಳು. ಹೆಣ್ಣು ನೋಡಲು ಹೋದವರು ಹುಡುಗಿಯ ಮುಖ ಬಿಟ್ಟು ಮಣಿಕಟ್ಟು ನೋಡತೊಡಗಿ, ಕಡೆಗೆ ಅದನ್ನು ನಿಲ್ಲಿಸಲು ಒಂದು ಕಾನೂನೇ ಬರಬೇಕಾಯಿತು.

ಇಂಥ ಕಾಲದಲ್ಲಿ ರಕ್ತ ತೆಗೆದು, ಪ್ಲಾಸ್ಟಿಕ್ ತಟ್ಟೆಯ ಸಣ್ಣ ಗುಳಿಗಳಲ್ಲಿ ಹಾಕಿ, ಬಣ್ಣ ನೋಡಿ ಹಾರ್ಮೋನು ಅಳೆಯುವವರು ಯಾರಿಗೆ ಬೇಕು? ಆದರೂ ಜಿಲ್ಲೆಗೊಬ್ಬರು ಇರಲಿ ಎಂದು ಯಾರೋ ಪುಣ್ಯಾತ್ಮರು ನಿಯಮದ ಒಂದು ಮೂಲೆಯಲ್ಲಿ ಬರೆದಿಟ್ಟಿದ್ದರು. ಅವರಿಗೆ ಕೈಪರೀಕ್ಷಕರು ಎಂದು ಹೆಸರು. ಐದು ವರ್ಷಕ್ಕೊಮ್ಮೆ ಪರೀಕ್ಷೆಗೆ ಕೂತು ಪರವಾನಗಿ ಹೊಸದು ಮಾಡಿಸಿಕೊಳ್ಳಬೇಕು. ಗದಗ ಜಿಲ್ಲೆಯ ಕೈಪರೀಕ್ಷಕಿ ಮಹಾನಂದಾ ಮುಳಗುಂದ ಹೋದ ಸಲ ಎರಡೇ ಎರಡು ಅಂಕದಿಂದ ನಪಾಸಾಗಿದ್ದಳು. ಮೂರು ತಿಂಗಳಿಂದ ಅವಳ ಪ್ರಯೋಗಶಾಲೆಯ ಬಾಗಿಲಿಗೆ ಅರಗಿನ ಮುದ್ರೆ ಬಿದ್ದಿತ್ತು. ನಾಳೆಯದು ಕೊನೆಯ ಅವಕಾಶ. ಇದೂ ಹೋದರೆ ಪ್ರಯೋಗಶಾಲೆಯೂ ಹೋದ ಹಾಗೆ.

ಸಂಜೆ ಮಹಾನಂದಾ ರೊಟ್ಟಿ ಬಡಿಯುತ್ತಿದ್ದಳು. ಗಂಡ ಚೆನ್ನವೀರ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಕನ್ನಡಕ ಮೂಗಿನ ತುದಿಗಿಳಿಸಿ ಅವಳ ಪುಸ್ತಕದಿಂದ ಪ್ರಶ್ನೆ ಕೇಳುತ್ತಿದ್ದ. ಅವನದು ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ. ಒಳಗೆ ಏನು ಬರೆದಿದೆಯೆಂದು ಇಷ್ಟು ವರ್ಷದಲ್ಲಿ ಓದಿದ್ದು ಇದೊಂದೇ ಪುಸ್ತಕ.

"ಎದಿಯಾಗ ಹಾಲು ಹುಟ್ಟಸೋ ಹಾರ್ಮೋನು?"

"ಪ್ರೊಲ್ಯಾಕ್ಟಿನ್."

"ಹುಟ್ಟಿದ ಹಾಲನ್ನ ಹೊರಗ ಹಾಯಸೋದು?"

"ಆಕ್ಸಿಟೋಸಿನ್. ಹೋದ ಸಲ ಇವೆರಡೂ ಉಲ್ಟಾ ಬರದಿದ್ದೆ."

"ಡಿಎನ್‌ಎ ತುಂಡುಗಳನ್ನ ಜೆಲ್‌ನ್ಯಾಗ ಓಡಿಸಿದರ ಮುಂದ ಹೋಗೋದು ಸಣ್ಣ ತುಂಡೋ ದೊಡ್ಡದೋ?"

"ಸಣ್ಣದು. ತುಂಬಿದ ಬಸ್ಸಿನ್ಯಾಗ ಸಣ್ಣ ಹುಡುಗರು ನುಸುಳಿ ಮುಂದ ಹೋಗೂದಿಲ್ಲೇನು, ಹಂಗ."

"ಬಸ್ಸಿನ ಸುದ್ದಿ ಇಲ್ಲಿ ಬರದಿಲ್ಲ" ಎಂದ ಚೆನ್ನವೀರ, ಪುಟ ತಿರುವುತ್ತ. "ಆದರೂ ಅಂಕ ಕೊಟ್ಟೇನಿ."

ಒಳಕೋಣೆಯಲ್ಲಿ ಕೂಸು ಅಳತೊಡಗಿತು. ಇಬ್ಬರೂ ಸುಮ್ಮನಾದರು. ನಾಲ್ಕು ದಿನದಿಂದ ಆ ಮನೆಯಲ್ಲಿ ಕೂಸು ಅತ್ತಾಗಲೆಲ್ಲ ಎಲ್ಲರೂ ಸುಮ್ಮನಾಗುತ್ತಿದ್ದರು.

ಕೂಸು ಮಹಾನಂದಾಳ ತಂಗಿ ಕಸ್ತೂರಿಯದು. ಅವ್ವ ಇಲ್ಲದವಳಿಗೆ ತವರು ಎಂದರೆ ಅಕ್ಕನೇ. ಹೀಗಾಗಿ ಹೆರಿಗೆಗೂ ಬಾಣಂತನಕ್ಕೂ ಇಲ್ಲಿಗೇ ಬಂದಿದ್ದಳು. ಮೂರು ತಿಂಗಳು ಎಲ್ಲ ಸರಳವಾಗಿಯೇ ಇತ್ತು. ಆಮೇಲೆ ಒಂದು ದಿನ ಅವಳ ಪಟ್ಟಿ ಕೆಂಪಾಯಿತು. ಗಂಟಲ ಬುಡದಲ್ಲಿರುವ ಥೈರಾಯ್ಡ್ ಗ್ರಂಥಿ ಅಳತೆ ಮೀರಿ ಹಾರ್ಮೋನು ಸುರಿಸುತ್ತಿದೆ ಎಂದು ಅದರ ಅರ್ಥ. ಐದರಿಂದ ಹನ್ನೆರಡರೊಳಗೆ ಇರಬೇಕಾದ ಥೈರಾಕ್ಸಿನ್ ಹತ್ತೊಂಬತ್ತಕ್ಕೆ ಹೋಗಿ ಕೂತಿತ್ತು. ಎರಡು ವಾರ ಇಳಿಯಲೇ ಇಲ್ಲ. ಪಟ್ಟಿಗಳ ಅಂಕಿ ನೋಡುವ ಧಾರವಾಡದ ಆರೋಗ್ಯ ಕೇಂದ್ರದಿಂದ ಸೂಚನೆ ಬಂತು: ಗ್ರಂಥಿಯನ್ನು ವಿಕಿರಣದ ಅಯೋಡಿನ್ ಗುಳಿಗೆಯಿಂದ ಸುಡಬೇಕು. ಗುಳಿಗೆ ನುಂಗಿದ ತಾಯಿ ಕೂಸಿನ ಹತ್ತಿರ ಬರಬಾರದು. ಎದೆಹಾಲನ್ನು ಒಂದೂವರೆ ತಿಂಗಳು ಮೊದಲೇ ನಿಲ್ಲಿಸಬೇಕು, ಅಂದರೆ ಈಗಿನಿಂದಲೇ. ಹಾಗಾಗಿ ಭಾನುವಾರದಿಂದ ಕಸ್ತೂರಿ ಎದೆಗೆ ಬಟ್ಟೆ ಬಿಗಿದು ಕೂತಿದ್ದಳು. ಕೂಸು ಬಾಟಲಿಯ ಹಾಲನ್ನು ಅರ್ಧ ಕುಡಿದು ಅರ್ಧ ಉಗುಳುತ್ತಿತ್ತು.

ಸುಡುವ ಮೊದಲು ಒಬ್ಬ ಮನುಷ್ಯ ಕೈಯಿಂದ ಅಳೆದು ಹೌದೆನ್ನಬೇಕು ಎಂಬ ನಿಯಮವೂ ಇತ್ತು. ಜಿಲ್ಲೆಯಲ್ಲಿ ಕೈಪರೀಕ್ಷಕರೇ ಇಲ್ಲದಿದ್ದರೆ ಪಟ್ಟಿಯ ಮಾತೇ ಸಾಕು ಎಂಬ ಉಪನಿಯಮವೂ ಇತ್ತು. ನಿಯಮ ಮಾಡುವವರು ಯಾವತ್ತೂ ಹಿತ್ತಲ ಬಾಗಿಲು ಇಟ್ಟೇ ಮನೆ ಕಟ್ಟುತ್ತಾರೆ.

ರೊಟ್ಟಿ ಆದ ಮೇಲೆ ಮಹಾನಂದಾ ತಂಗಿಯ ಹತ್ತಿರ ಹೋಗಿ ಕೂತಳು. "ನಾಳಿನ ಪರೀಕ್ಷಾಕ್ಕ ಮನ್ಯಾಗಿನವ್ರ ರಕ್ತ ಒಂದು ಒಯ್ಯಬೇಕು. ಪಟ್ಟಿ ಎಷ್ಟು ತೋರಸತೈತಿ ಅಂತ ಮೊದಲ ಬರಸಬೇಕು. ನಾ ಕೈಯಿಂದ ಅಳದಾಗ ಹತ್ತಕ್ಕ ಒಂದಕ್ಕಿಂತ ಹೆಚ್ಚು ಫರಕು ಬಂದರ ನಪಾಸು."

"ನಂದ ಒಯ್ಯಿ" ಎಂದಳು ಕಸ್ತೂರಿ. "ಹತ್ತೊಂಬತ್ತು ಅಂದ್ರ ಎದ್ದು ಕಾಣತೈತಿ, ತಪ್ಪೂದಿಲ್ಲ ನೀನು. ನನ್ನ ರೋಗದಿಂದ ಯಾರಿಗರ ಲಾಭ ಆಗ್ಲಿ."

ಮಹಾನಂದಾ ಅದನ್ನೇ ಯೋಚಿಸಿಕೊಂಡು ಬಂದಿದ್ದಳು. ತಂಗಿಯ ಬಾಯಿಂದಲೇ ಅದು ಬಂದಾಗ ನಾಚಿಕೆಯಾಯಿತು. ಜೊತೆಗೆ ಇನ್ನೊಂದೂ ಗೊತ್ತಿತ್ತು: ಪರೀಕ್ಷೆಯ ಕಾಗದ, ಸುಡುವ ಮೊದಲು ಬೇಕಾದ ಕೈಅಳತೆಯ ಪ್ರಮಾಣವೆಂದೇ ದಾಖಲಾಗುತ್ತದೆ. ನಾಳೆ ಅವಳು ಹತ್ತೊಂಬತ್ತು ಎಂದು ಬರೆದರೆ ತಂಗಿಯ ಗ್ರಂಥಿ ಸುಡುವುದಕ್ಕೆ ಸಹಿ ಹಾಕುವವಳೂ ಅವಳೇ. ಇರಲಿ, ರೋಗ ನಿಜವಿದ್ದ ಮೇಲೆ ಸಹಿ ಯಾರದಾದರೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಬೆಳಿಗ್ಗೆ ರಕ್ತ ತೆಗೆದುಕೊಂಡು ಹೊರಡುವಾಗ ಕಸ್ತೂರಿ ಅವಳ ಊಟದ ಡಬ್ಬಿಯಲ್ಲಿ ಬಾಣಂತಿಗೆಂದು ಮಾಡಿದ ಎರಡು ಅಂಟಿನುಂಡಿ ಇಟ್ಟಳು. "ನೀ ಮಾಡಿದ್ದನ್ನ ನಾ ಒಬ್ಬಾಕಿನ ಎಷ್ಟು ತಿನ್ಲಿ? ದಿನಕ್ಕ ಮೂರು ಅಂತ ಶಿಕ್ಷಾ ಕೊಟ್ಟೀ. ನೀನೂ ಸ್ವಲ್ಪ ಅನುಭವಸು."

ಪರೀಕ್ಷೆ ನೋಡಲು ಧಾರವಾಡದ ಕೇಂದ್ರದಿಂದ ಡಾಕ್ಟರ್ ಝುಲೇಖಾ ನದಾಫ್ ಬಂದಿದ್ದರು. ಅರವತ್ತರ ಹತ್ತಿರದ, ಕಡಿಮೆ ಮಾತಿನ ಹೆಂಗಸು. ಅಂಕ ಕೊಡುವುದು ಯಂತ್ರ. ಅವರದು ಸಾಕ್ಷಿಯ ಕೆಲಸ ಮಾತ್ರ, ಪರೀಕ್ಷೆ ಮುಗಿಯುವವರೆಗೆ ಬಾಯಿ ಬಿಡುವಂತಿಲ್ಲ. ಮುದ್ರೆ ಒಡೆದು ಬಾಗಿಲು ತೆರೆದಾಗ ಸ್ಪಿರಿಟ್ಟಿನ ಹಳೆಯ ವಾಸನೆ ಬಂತು. ಮಹಾನಂದಾಳಿಗೆ ಮೂರು ತಿಂಗಳಲ್ಲಿ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋದ ಹಾಗಾಯಿತು.

ಮೊದಲ ಎರಡು ಗಂಟೆ ಪರದೆಯ ಮೇಲೆ ಪ್ರಶ್ನೆಗಳು. ಇನ್ಸುಲಿನ್ ಎಲ್ಲಿ ಹುಟ್ಟುತ್ತದೆ, ಯಾವುದು ಜೀವಕೋಶದ ಒಳಗೆ ಹೊಕ್ಕು ಕೆಲಸ ಮಾಡುತ್ತದೆ, ಯಾವುದು ಹೊರಗೆ ನಿಂತೇ ಬಾಗಿಲು ಬಡಿಯುತ್ತದೆ, ಪಿಸಿಆರ್ ಯಂತ್ರ ತೊಂಬತ್ತನಾಲ್ಕು ಡಿಗ್ರಿಗೆ ಕಾಯುವುದೇಕೆ. ಪ್ರೊಲ್ಯಾಕ್ಟಿನ್ ಬಂದಾಗ ಅವಳು ಎರಡು ಸಲ ಓದಿ, ಚೆನ್ನವೀರನನ್ನು ನೆನೆದು ಸರಿಯಾದದ್ದನ್ನೇ ಒತ್ತಿದಳು. ಆಮೇಲೆ ಜೆಲ್ ಓಡಿಸಿದಳು. ಡಿಎನ್‌ಎ ಗೆರೆಗಳು ಒಂದರ ಕೆಳಗೊಂದು ಚೊಕ್ಕಟವಾಗಿ ಬಂದವು. ಹನ್ನೆರಡೂವರೆಗೆ ಪರದೆ ನೋಡಿದರೆ ಪಾಸಾಗಲು ಬೇಕಾದದ್ದಕ್ಕಿಂತ ಹೆಚ್ಚು ಅಂಕ. ಉಳಿದದ್ದು ಕೈಅಳತೆ ಒಂದೇ. ಊಟಕ್ಕೆ ಏಳುವ ಮನಸ್ಸಾಗಲಿಲ್ಲ, ನೇರ ಅದಕ್ಕೇ ಕೂತಳು.

ಅದು ಹಳೆಯ ವಿಧಾನ. ಸಣ್ಣ ಗುಳಿಗಳ ತಳಕ್ಕೆ ಥೈರಾಕ್ಸಿನ್ ಹಿಡಿಯುವ ಪ್ರತಿಕಾಯಗಳನ್ನು ನೇರವಾಗಿ ಅಂಟಿಸಿರುತ್ತಾರೆ. ಅದರ ಮೇಲೆ ರೋಗಿಯ ರಕ್ತದ್ರವ ಹಾಕಿ, ಜೊತೆಗೆ ಬಣ್ಣ ಹುಟ್ಟಿಸುವ ಬಾಲ ಕಟ್ಟಿದ ಥೈರಾಕ್ಸಿನ್ ಒಂದಿಷ್ಟು ಬಿಡಬೇಕು. ಇರುವ ಜಾಗಕ್ಕೆ ಎರಡೂ ಪೈಪೋಟಿ ಮಾಡುತ್ತವೆ, ಮದುವೆ ಊಟದ ಪಂಕ್ತಿಯಲ್ಲಿ ಎಲೆ ಹಿಡಿದ ಹಾಗೆ. ರೋಗಿಯ ಹಾರ್ಮೋನು ಹೆಚ್ಚಿದ್ದರೆ ಎಲೆಯೆಲ್ಲ ಅದೇ ಹಿಡಿದುಬಿಡುತ್ತದೆ, ಬಾಲದವಕ್ಕೆ ಜಾಗ ಸಿಗುವುದಿಲ್ಲ, ತೊಳೆದಾಗ ಹೋಗುತ್ತವೆ, ಬಣ್ಣ ಪೇಲವವಾಗುತ್ತದೆ. ಕಡಿಮೆಯಿದ್ದರೆ ಬಣ್ಣ ಗಾಢ.

ಮಹಾನಂದಾಳ ಕೈ ಮರೆತಿರಲಿಲ್ಲ. ಹನಿಯ ನೂರರ ಪಾಲನ್ನೂ ಅಳೆಯುವ ಪಿಪೆಟ್ಟಿನ ಮೇಲೆ ಅವಳ ಹೆಬ್ಬೆರಳು ತನ್ನಷ್ಟಕ್ಕೆ ಒತ್ತಿ ಬಿಡುತ್ತಿತ್ತು. ಒಂದು ಗಂಟೆ ಕಾದಳು. ತೊಳೆದಳು. ಬಣ್ಣದ ದ್ರವ ಹಾಕಿ, ಕೊನೆಯಲ್ಲಿ ಆಮ್ಲ ಬಿಟ್ಟಳು.

ಕಸ್ತೂರಿಯ ಗುಳಿ ಪೇಲವವಾಗಿರಬೇಕಿತ್ತು. ಅದು ಅರಿಸಿನದ ಹಾಗೆ ಹಳದಿಯಾಗಿ ಕೂತಿತ್ತು.

ಬಣ್ಣ ನೋಡಿ ಅಂಕಿ ಹೇಳುವ ಓದುಯಂತ್ರ ಎಂಟೂ ಚಿಲ್ಲರೆ ಎಂದಿತು. ಆರೋಗ್ಯವಂತರ ಅಂಕಿ.

ಮೂರು ತಿಂಗಳು ಕೆಲಸವಿಲ್ಲದೆ ತನ್ನ ಕೈ ಕೆಟ್ಟಿರಬೇಕೆಂದು ಮಹಾನಂದಾ ಎರಡನೇ ಸಲ ಮಾಡಿದಳು. ಮಗ್ಗುಲಲ್ಲೇ, ಎಷ್ಟಿದೆಯೆಂದು ಮೊದಲೇ ಗೊತ್ತಿರುವ ಮಾದರಿಗಳನ್ನೂ ಇಟ್ಟಳು. ಆರು ಇದ್ದದ್ದು ಆರು ಬಂತು, ಇಪ್ಪತ್ತು ಇದ್ದದ್ದು ಇಪ್ಪತ್ತು ಬಂತು. ಕಸ್ತೂರಿಯದು ಮತ್ತೆ ಎಂಟು. ಕೈ ಸರಿಯಿತ್ತು.

ಆಗ ಗಂಟೆ ನಾಲ್ಕಾಗಿತ್ತು. ಉಳಿದದ್ದು ಅರ್ಧ ಗಂಟೆ. ಪರದೆಯ ಮೇಲೆ ಒಂದು ಖಾಲಿ ಚೌಕ ಅಂಕಿಗಾಗಿ ಕಾಯುತ್ತಿತ್ತು.

ಹತ್ತೊಂಬತ್ತು ಎಂದು ಬರೆದರೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ. ಊರೆಲ್ಲ ನಂಬಿದ ಪಟ್ಟಿಯೇ ಹಾಗೆ ಹೇಳುತ್ತಿದೆ. ಅವಳಿಗೆ ತನ್ನ ಮೇಲೂ ಪೂರ್ತಿ ನಂಬಿಕೆಯಿರಲಿಲ್ಲ. ಪಟ್ಟಿಯದೇ ನಿಜವಾಗಿ, ತಾನು ಎಂಟು ಎಂದು ಬರೆದು ಚಿಕಿತ್ಸೆ ನಿಂತರೆ, ಏರಿದ ಥೈರಾಕ್ಸಿನ್ ತಂಗಿಯ ಹೃದಯವನ್ನೇ ತಿಂದುಹಾಕಬಹುದು. ತನ್ನದು ನಿಜವಾಗಿ, ಹತ್ತೊಂಬತ್ತು ಎಂದು ಬರೆದರೆ, ಚೆನ್ನಾಗಿರುವ ಗ್ರಂಥಿ ಸುಟ್ಟು ಕಸ್ತೂರಿ ಬದುಕಿರುವತನಕ ಗುಳಿಗೆ ನುಂಗಬೇಕು, ಆ ಕೂಸು ತಾಯಿಯ ಮಡಿಲಿಂದ ದೂರ ಮಲಗಿ ಅಳಬೇಕು. ಮಹಾನಂದಾಳಿಗೆ ಹೆದರಿಕೆಯಾಯಿತು. ಬಿಟ್ಟು ಎದ್ದು ಹೋಗಿಬಿಡಲೇ ಅನ್ನಿಸಿತು. ನದಾಫ್ ಅವರ ಕಡೆ ನೋಡಿದಳು. ಅವರು ನಿಯಮದಂತೆ ಗೋಡೆ ನೋಡುತ್ತಿದ್ದರು.

ಕಡೆಗೆ ಅವಳು ತಾನು ಕಂಡದ್ದನ್ನು ಬರೆದಳು. ಎಂಟು ಪಾಯಿಂಟ್ ನಾಲ್ಕು.

ಪರದೆ ಕೇಳಿತು: "ಪಟ್ಟಿಯೊಂದಿಗೆ ಹೊಂದಿಕೆಯಾಗುತ್ತಿಲ್ಲ. ಬದಲಿಸುವಿರಾ?" ಇಲ್ಲ ಎಂದು ಒತ್ತಿದಳು. "ಖಚಿತವೇ?" ಎಂದು ಇನ್ನೊಮ್ಮೆ ಕೇಳಿತು. ಯಂತ್ರಕ್ಕೂ ಅವಳನ್ನು ಕಂಡು ಕನಿಕರ ಬಂದಿರಬೇಕು. ಹೌದು ಎಂದು ಒತ್ತಿದಳು. ಅನುತ್ತೀರ್ಣ ಎಂಬ ಅಕ್ಷರಗಳು ಮೂಡಿ ಪರದೆ ಆರಿತು.

"ಮುಗೀತಲ್ಲ" ಎಂದರು ನದಾಫ್. ಬೆಳಿಗ್ಗೆಯಿಂದ ಅವರಾಡಿದ ಮೊದಲ ಮಾತು. "ಈಗ ನಾವಿಬ್ರೂ ಮಾತಾಡಬಹುದು. ಸುಳ್ಳು ಹೇಳಾಕತ್ತವ್ರು ಯಾರು, ನೀವೋ ಪಟ್ಟಿಯೋ?"

"ನಾ ಅಲ್ರಿ. ಆದರ ಪಟ್ಟಿ ಯಾಕ ಹೇಳತೈತಿ, ಅದೂ ತಿಳೀವಲ್ದು."

"ಮೊದಲ ಏನರ ತಿನ್ರಿ. ಮುಖ ನೋಡ್ರಿ ಹೆಂಗಾಗೇದ."

ಮಹಾನಂದಾ ಡಬ್ಬಿ ತೆಗೆದಳು. ಎದುರಿಗೆ ಕೂತವರನ್ನು ಬಿಟ್ಟು ತಿನ್ನುವ ರೂಢಿ ಆ ಊರಿನಲ್ಲಿಲ್ಲ. ಒಂದು ಉಂಡಿಯನ್ನು ಅವರ ಕೈಗಿಟ್ಟಳು. ನದಾಫ್ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು. "ಚಲೋ ಆಗ್ಯಾವ. ನನ್ನ ಸೊಸೀನೂ ಬಾಣಂತಿ ಇದ್ದಾಳ. ಏನೇನು ಹಾಕೀರಿ?"

"ಹುರದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗಸಗಸಿ, ಬೆಲ್ಲ, ತುಪ್ಪ. ಮತ್ತ ಆಕಿಗೆ ಹೆತ್ತ ಮ್ಯಾಲೆ ಕೂದಲಾ ಭಾಳ ಉದರ್ತಿದ್ವು ಅಂತ, ನಮ್ಮ ಓಣಿ ಮಹಿಳಾ ಸಂಘದವ್ರು ಮಾರೋ ಕೇಶಪುಡಿ..." ಮಾತು ಅಲ್ಲಿಗೇ ನಿಂತಿತು.

"ಎಷ್ಟು ಹಾಕೀರಿ?"

"ದಿನಕ್ಕೊಂದು ಚಿಟಿಕಿ ಅಂತ ಅದರ ಮ್ಯಾಲೆ ಬರದಾರ" ಎಂದಳು ಮಹಾನಂದಾ ಮೆಲ್ಲಗೆ. "ನಾ ಪಾಕಕ್ಕ ನಾಲ್ಕೈದು ಹಿಡಿ ಹಾಕಿದೆ. ಉಂಡಿಗೆ ಯಾರು ಅಳತೀ ಮಾಡ್ತಾರ್ರೀ, ಕೈಯಳತಿ."

ಕೇಶಪುಡಿ ಎಂದರೆ ಹೆಚ್ಚುಕಡಿಮೆ ಬಯೋಟಿನ್ ಎಂಬ ವಿಟಮಿನ್. ತಿಂದರೆ ವಿಷವಲ್ಲ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ಆದರೆ ಪಟ್ಟಿಯ ಒಳಗಿನ ಕೊಂಡಿಯೂ ಅದೇ ಬಯೋಟಿನ್. ಮಹಾನಂದಾಳ ಗುಳಿಗಳಲ್ಲಿ ಪ್ರತಿಕಾಯ ತಳಕ್ಕೆ ನೇರ ಅಂಟಿರುತ್ತದೆ. ಪಟ್ಟಿಯಲ್ಲಿ ಹಾಗಲ್ಲ, ಪ್ರತಿಕಾಯದ ಬೆನ್ನಿಗೊಂದು ಬಯೋಟಿನ್ ಕಟ್ಟಿ, ಅದನ್ನು ಪಟ್ಟಿಯ ಹಿಡಿಕೆಗಳಿಗೆ ಸಿಕ್ಕಿಸಿರುತ್ತಾರೆ. ರಕ್ತದಲ್ಲೇ ಬಯೋಟಿನ್ ತುಂಬಿ ಹರಿದರೆ ಹಿಡಿಕೆಗಳನ್ನೆಲ್ಲ ಅದೇ ತುಂಬಿಕೊಳ್ಳುತ್ತದೆ. ಪ್ರತಿಕಾಯಗಳು ಬಣ್ಣದ ಸಮೇತ ಕೊಚ್ಚಿಹೋಗುತ್ತವೆ. ಬಣ್ಣವಿಲ್ಲದ್ದನ್ನು ಕಂಡು ಪಟ್ಟಿ, ಥೈರಾಕ್ಸಿನ್ ವಿಪರೀತ ಇದೆ ಎಂದುಕೊಳ್ಳುತ್ತದೆ. ಪಟ್ಟಿ ಅಳೆಯುವ ಇನ್ನೊಂದು ಥೈರಾಯ್ಡ್ ಹಾರ್ಮೋನಿನ ಲೆಕ್ಕವೂ ಇದೇ ಕಾರಣಕ್ಕೆ ಅದಕ್ಕೆ ಹೊಂದುವ ಹಾಗೆಯೇ ತಪ್ಪುತ್ತದೆ. ಎರಡು ಸುಳ್ಳು ಒಂದಕ್ಕೊಂದು ಸಾಕ್ಷಿ ಹೇಳಿದ್ದರಿಂದ ಕೇಂದ್ರಕ್ಕೆ ಅನುಮಾನವೇ ಬಂದಿರಲಿಲ್ಲ.

"ಬಾಯಿಮಾತು ಸಾಲೂದಿಲ್ಲ" ಎಂದರು ನದಾಫ್. "ತೋರಸ್ರಿ."

ಉಂಡಿಯನ್ನು ಇನ್ನೂ ಬಾಯಿಗಿಡದ ಮಹಾನಂದಾ ತನ್ನದೇ ರಕ್ತ ತೆಗೆದು ದ್ರವವನ್ನು ಎರಡು ಪಾಲು ಮಾಡಿದಳು. ಒಂದನ್ನು ಹಾಗೆಯೇ ಹೊಸ ಪಟ್ಟಿಯ ಮೇಲೆ ಹನಿಸಿದಳು. ಏಳು, ಹಸಿರು. ಉಂಡಿಯ ಚೂರೊಂದನ್ನು ನೀರಿನಲ್ಲಿ ಅರೆದು, ಶೋಧಿಸಿ, ಅದರ ಒಂದೇ ಹನಿಯನ್ನು ಎರಡನೇ ಪಾಲಿಗೆ ಸೇರಿಸಿ ಇನ್ನೊಂದು ಪಟ್ಟಿಗೆ ಬಿಟ್ಟಳು. ಇಬ್ಬರೂ ಮೇಜಿನ ಮೇಲೆ ಬಾಗಿ ಕಾದರು. ಪಟ್ಟಿ ಕೆಂಪಾಯಿತು. ಇಪ್ಪತ್ತೆರಡು.

ಮಹಾನಂದಾ ಸ್ಟೂಲಿನ ಮೇಲೆ ಕೂತುಬಿಟ್ಟಳು. ಇಪ್ಪತ್ತು ವರ್ಷ ಇಲ್ಲಿ ಹನಿ ಲೆಕ್ಕದಲ್ಲಿ ಬದುಕಿದವಳು ಮನೆಯಲ್ಲಿ ಹಿಡಿ ಲೆಕ್ಕದಲ್ಲಿ ತಂಗಿಗೆ ರೋಗ ಉಣಿಸಿದ್ದಳು. ಪ್ರೀತಿಯಿಂದಲೇ ಉಣಿಸಿದ್ದಳು ಎಂಬುದರಿಂದ ಸಂಕಟ ಕಡಿಮೆಯಾಗಲಿಲ್ಲ. ಕಣ್ಣೀರು ಒರೆಸಲು ಹೋಗಿ, ಕೈಗವಸು ಇದೆಯೆಂದು ನೆನಪಾಗಿ ಹಾಗೆಯೇ ಬಿಟ್ಟಳು.

ನದಾಫ್ ಒಂದು ಕಾಗದ ತೆಗೆದು ಬರೆಯತೊಡಗಿದರು. "ನಿಮ್ಮ ಅಂಕ ನನ್ನ ಕೈಯಾಗಿಲ್ಲ. ನಪಾಸು ಅಂದ್ರ ನಪಾಸು. ಆದರ ಕೈಯಳತಿ ಮುಂದ ಪಟ್ಟಿ ತಪ್ಪಾಗಿ ಕಂಡರ ಸಾಕ್ಷಿಗೆ ಬಂದ ಡಾಕ್ಟರು ಚಿಕಿತ್ಸಾ ತಡೀಬಹುದು ಅಂತ ಒಂದು ಕಲಂ ಐತಿ. ಹತ್ತು ವರ್ಷದಾಗ ಯಾರೂ ಉಪಯೋಗ ಮಾಡಿಲ್ಲ." ಸಹಿ ಹಾಕಿ ಕೊಟ್ಟರು. "ಮನೀಗೆ ಫೋನ್ ಮಾಡ್ರಿ. ಹಾಲು ಬತ್ತೂಕ್ಕಿಂತ ಮೊದಲ."

ಮಹಾನಂದಾ ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಕಸ್ತೂರಿ ಎದೆಯ ಬಟ್ಟೆ ಬಿಚ್ಚಿ, ಗೋಡೆಗೊರಗಿ ಕೂತಿದ್ದಳು. ಐದು ದಿನ ಬಾಟಲಿ ಕಂಡ ಕೂಸು ಎದೆಗೆ ಹಚ್ಚಿದರೆ ಮುಖ ತಿರುಗಿಸಿ ಕಿರುಚುತ್ತಿತ್ತು. ಹಾಲೂ ಕಡಿಮೆಯಾಗಿತ್ತು. ಚೆನ್ನವೀರ ಏನು ಮಾಡಬೇಕೆಂದು ತಿಳಿಯದೆ ಹೊರಗೆ ಹೋಗಿ ಬರುತ್ತಿದ್ದ.

"ಒಲ್ಲೆ ಅಂತೈತಿ, ಅಕ್ಕಾ" ಎಂದಳು ಕಸ್ತೂರಿ. "ನನ್ನ ಗುರುತಾ ಮರತೈತಿ."

"ಇದೆಲ್ಲಾ ನನ್ನಿಂದ ಆಗಿದ್ದು" ಎಂದಳು ಮಹಾನಂದಾ. ಉಂಡಿಯ ಸಂಗತಿ ಪೂರ್ತಿ ಹೇಳಿದಳು. ಏನನ್ನೂ ಮುಚ್ಚಲಿಲ್ಲ.

ಕಸ್ತೂರಿ ಕೇಳಿಸಿಕೊಂಡು ಕೂಸನ್ನು ಹೆಗಲಿಗೆ ಹಾಕಿಕೊಂಡಳು. "ಹಂಗಾರ ನನಗ ರೋಗ ಇಲ್ಲ."

"ಇಲ್ಲ."

"ನೀ ಪಾಸಾದ್ಯೇನು?"

"ಇಲ್ಲ."

ಕಸ್ತೂರಿ ಅಕ್ಕನ ಮುಖ ನೋಡಿದಳು. ಹತ್ತೊಂಬತ್ತು ಎಂದು ಬರೆದಿದ್ದರೆ ಏನಾಗುತ್ತಿತ್ತು ಎಂಬುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೈ ಚಾಚಿ ಅಕ್ಕನನ್ನು ಹತ್ತಿರ ಕೂರಿಸಿಕೊಂಡಳು. ಮಹಾನಂದಾ ಕೂಸಿನ ತಲೆ ಹಿಡಿದು, ಕೆನ್ನೆ ಸವರಿ, ಮತ್ತೆ ಮತ್ತೆ ಎದೆಗೆ ತಂದಳು. ಎಷ್ಟನೆಯ ಸಲವೋ ಏನೋ, ಕೂಸಿಗೆ ಅತ್ತು ಅತ್ತು ಸಾಕಾಯಿತು. ಬಾಯಿ ಹಾಕಿತು, ಬಿಟ್ಟಿತು, ಮತ್ತೆ ಹಾಕಿತು. ಆಮೇಲೆ ಬಿಡಲಿಲ್ಲ.

"ಹಲ್ಲಿಲ್ಲ, ಆದರೂ ಕಡೀತಾನ ನೋಡು ಇಂವಾ" ಎಂದಳು ಕಸ್ತೂರಿ, ಅಳುತ್ತಲೇ.

ಉಂಡಿ ಬಿಟ್ಟ ಐದನೇ ದಿನಕ್ಕೆ ಅವಳ ಪಟ್ಟಿ ಹಸಿರಾಯಿತು. ಅದರ ಮರುದಿನ ಎರಡು ಪತ್ರ ಬಂದವು. ಒಂದು ಪರೀಕ್ಷಾ ಮಂಡಳಿಯದು, ಮಹಾನಂದಾ ಮುಳಗುಂದ ಅನುತ್ತೀರ್ಣರಾಗಿದ್ದಾರೆ ಎಂದು. ಇನ್ನೊಂದು ಕೇಂದ್ರದ್ದು. ಜಿಲ್ಲೆಯಲ್ಲಿ ಥೈರಾಯ್ಡ್ ಕೆಂಪಾಗಿ, ಗ್ರಂಥಿ ಸುಡಬೇಕಾದವರ ಯಾದಿಯಲ್ಲಿ ಹೆಸರಿದ್ದ ಬಾಣಂತಿಯರು ಮೂವತ್ತೊಂದು ಜನ. ಅಂಟಿನುಂಡಿಯಿಲ್ಲದ ಬಾಣಂತನ ಆ ಸೀಮೆಯಲ್ಲಿ ಇಲ್ಲ, ಮಹಿಳಾ ಸಂಘದ ಪುಡಿಯೂ ಎಲ್ಲ ಊರಿಗೂ ಹೋಗುತ್ತಿತ್ತು. ಅವರೆಲ್ಲರನ್ನೂ ಕೈಯಿಂದ ಅಳೆಯಬೇಕು, ಬೇರೆ ಯಾರೂ ಇಲ್ಲದ ಕಾರಣ ನಪಾಸಾದ ಇವರಿಗೇ ಒಂದು ತಿಂಗಳ ಮಟ್ಟಿಗೆ ಅನುಮತಿ ಕೊಡಲಾಗಿದೆ, ಅಷ್ಟರಲ್ಲಿ ಪಟ್ಟಿಯನ್ನು ಅಳತೆಗೋಲು ಮಾಡಿದ ಪರೀಕ್ಷೆಯನ್ನೇ ಮಂಡಳಿ ಮರುಪರಿಶೀಲಿಸಲಿದೆ ಎಂದು ಬರೆದಿತ್ತು. ಕೆಳಗೆ ಝುಲೇಖಾ ನದಾಫ್ ಅವರ ಸಹಿ.

ಸೋಮವಾರ ಪ್ರಯೋಗಶಾಲೆಯ ಬಾಗಿಲಲ್ಲಿ ಹೆಂಗಸರು ಸಾಲಾಗಿ ಕೂತಿದ್ದರು. ನರಗುಂದ, ರೋಣ, ಶಿರಹಟ್ಟಿ, ಎಲ್ಲೆಲ್ಲಿಂದಲೋ ಬಂದವರು. ಕೆಲವರ ಎದೆಗೆ ಬಿಗಿದ ಬಟ್ಟೆ, ಕೆಲವರ ಮಗ್ಗುಲಲ್ಲಿ ಬಾಟಲಿ, ಒಳಗೆಲ್ಲ ಕೂಸುಗಳ ಅಳು. ಮಹಾನಂದಾ ಯಾರಿಗೂ ಮೊದಲೇ ಭರವಸೆ ಕೊಡಲಿಲ್ಲ. ನಿಜವಾಗಿ ರೋಗವಿದ್ದವರೂ ಇವರಲ್ಲಿ ಇರಬಹುದು. ಮಧ್ಯಾಹ್ನದವರೆಗೆ ಅಳೆದ ಹನ್ನೊಂದು ಜನರಲ್ಲಿ ಒಬ್ಬಳದು ಪೇಲವವಾಗಿಯೇ ಬಂತು. ಅವಳನ್ನು ಪಕ್ಕಕ್ಕೆ ಕೂರಿಸಿ, ನದಾಫ್ ಅವರಿಗೆ ಫೋನು ಮಾಡಿ, ಮುಂದಿನದನ್ನು ನಿಧಾನವಾಗಿ ತಿಳಿಸಿ ಹೇಳಿದಳು.

ಹನ್ನೆರಡನೆಯವಳು ತೀರ ಸಣ್ಣ ವಯಸ್ಸಿನವಳು, ರೋಣದ ಕಡೆಯವಳು. ಒಂದು ಗಂಟೆಯಿಂದ ಅಳುವ ಕೂಸನ್ನು ತೊಡೆಯ ಮೇಲೆ ಕುಣಿಸುತ್ತ, ಮೇಜಿನ ಮೇಲಿನ ಗುಳಿಗಳನ್ನು ದೂರದಿಂದ ನೋಡುತ್ತಿದ್ದಳು. ಯಾವುದು ತನ್ನದೆಂದು ಅವಳಿಗೆ ಗೊತ್ತಿರಲಿಲ್ಲ.

"ಅಕ್ಕಾರ" ಎಂದಳು ಕಡೆಗೆ, "ಕೂಸಿಗೆ ಹಾಲು ಕೊಡಬಹುದೇನ್ರಿ?"

ಮಹಾನಂದಾ ಆಮ್ಲದ ಹನಿ ಬಿಟ್ಟು ಕಾದಳು. ಗುಳಿ ಗಾಢ ಹಳದಿಯಾಯಿತು. ಓದುಯಂತ್ರದಲ್ಲಿಟ್ಟು ಅಂಕಿಯನ್ನೂ ನೋಡಿದಳು, ಮಗ್ಗುಲಿನ ಗೊತ್ತಿದ್ದ ಮಾದರಿಯನ್ನೂ ಇನ್ನೊಮ್ಮೆ ನೋಡಿದಳು. ಆಮೇಲೆ ಕೈಗವಸು ಕಳಚಿ, ಎದ್ದು ಹೋಗಿ, ಆ ಹುಡುಗಿಯ ಕೈಯಲ್ಲಿದ್ದ ಬಾಟಲಿ ಇಸಿದುಕೊಂಡಳು.

"ಕೊಡವ್ವಾ" ಎಂದಳು. "ಇಲ್ಲೇ ಕುಂತು ಕೊಡು."